ತಪ್ಪು ಬರದ್ರ ಕುಂಡ್ರೂ ಎತ್ತು

ಸಿಂದಗಿ
೧೪ ಜುಲೈ ೨೦೨೫

ನಮ್ಮ ದಾನೇಶ್ವರಿಯ ಅಪ್ಪಾರಿಗೆ ರಾಜೇಶ್ವರಿಯ ನಮಸ್ಕಾರ.

ನಾವಿಬ್ರೂ ಆರಾಮ ಅದೀವಿ. ಫೋನಿನ್ಯಾಗ ನಾ ಅರ್ಧಾ ಹೇಳೂದ್ರಾಗ ನೀವು ಆತ್ ತಗೋ ಅಂತ ಇಟ್ಟಬಿಡ್ತೀರಿ, ಅದಕ್ಕ ಈ ಪತ್ರ. ಸಿಟ್ಟು ಬಂದ್ರೂ ಪೂರ್ತಿ ಓದ್ರಿ.

ಮುದ್ದೇಬಿಹಾಳದಾಗ ಖೋಲಿ ಹಿಡದು ಕುಂತು ನೀವು ಮಕ್ಕಳಿಗೆ ಶಬ್ದ ಬರಿಯೂದು ಕಲಸೂ ವಿಡಿಯೋ ಗೇಮ್ ಮಾಡೀರಿ ಅಂತ ನಾ ಕಲಸೂ ಸಾಲಿಯ ಯಾಸೀನ ಮಾಸ್ತರ ಹೇಳಿದ್ರು. ಅವರ ಕೈಲೆನ ನನ್ನ ಮೊಬೈಲಿಗೆ ಹಾಕ್ಸಿದ್ರಿ. ನನಗ ನೇರ ಯಾಕ ಕಳಸ್ಲಿಲ್ಲ? ಅವತ್ತ ನನಗ ಸಂಶಯ ಬಂತು.

ಗೇಮ್ ಛಲೋ ಐತಿ, ಸುಳ್ಳು ಯಾಕ ಹೇಳ್ಲಿ. ಒಂದು ಎತ್ತಿನ ಚಕ್ಕಡಿ ಇಂಡಿಯಿಂದ ಬಾಗೇವಾಡಿಗೆ ಹೊಂಟೈತಿ. ದಾರ್ಯಾಗ ಮುದುಕಿಗೆ ನೀರಡಿಕಿ. ‘ನೀರು’ ಅಂತ ಸರಿ ಬರದ್ರ ತಂಬಿಗಿ ತುಂಬತೈತಿ. ಯಾರದೋ ನಿಂಬಿಹಣ್ಣಿನ ಚೀಲಾ ಹರದು ಹಣ್ಣು ರಸ್ತೆ ತುಂಬ ಉಳ್ಳ್ಯಾಡ್ತಾವ; ‘ಬುಟ್ಟಿ’ ಬರದ್ರ ಬುಟ್ಟಿ ಬರ್ತೈತಿ. ತಪ್ಪು ಬರದ್ರ ಬೈಗುಳಿಲ್ಲ, ಮಾರ್ಕ್ಸ್ ಕಡಿಯೂದಿಲ್ಲ. ಎತ್ತು ಮೆಲ್ಲಕ ಕುಂಡ್ರತಾವ, ಅಷ್ಟ. ಅಬ್ಬಾ, ಇಷ್ಟು ಅಂತಃಕರಣ ನಿಮಗ ಎಲ್ಲಿಂದ ಬಂತ್ರಿ? ಬೀಗರ ಮುಂದ ನಮ್ಮ ದಾನು ಒಂದು ಶಬ್ದ ತಪ್ಪು ಬರದ್ಲು ಅಂತ ಆಕಿ ನೋಟಬುಕ್ ಹರದು ಅಂಗಳಕ್ಕ ಒಗದಾವ್ರು ನೀವ. ಮೂರನೇತ್ತೆ ಹುಡಿಗಿ ಅವತ್ತಿನಿಂದ ಮಂದಿ ಮುಂದ ಪೆನ್ನು ಹಿಡೀಲಿಲ್ಲ. ಅದಕ್ಕ ನಾ ಆಕಿನ್ನ ಕರಕೊಂಡು ಇಲ್ಲಿಗೆ ಬಂದೆ.

ಬರೂ ತಿಂಗಳ ತಾಳಿಕೋಟ್ಯಾಗ ಹಿರೇರು ಕೂಡ್ತಾರ, ಹುಡಿಗಿ ಯಾರ ಕಡೆ ಇರಬೇಕು ಅಂತ ಹೇಳಾಕ. ಹೋದ ಸಲ ನೀವು ಅವರ ಮುಂದ, ತಾಯಿ ಕಡೆ ಇದ್ರ ದಡ್ಡಿ ಆಗ್ತಾಳ ಅಂದಿದ್ರಿ. ಈಗ ನೋಡಿದ್ರ, ಗೇಮಿನ್ಯಾಗ ಹುಡುಗರು ಬರದ ತಪ್ಪೆಲ್ಲಾ ನಿಮಗ ಬಂದು ಮುಟ್ತಾವಂತ. ಗೇಮ್ ಸುಧಾರ್ಸಾಕ ಅಂತ ಯಾಸೀನ ಮಾಸ್ತರ ಅಂದ್ರು. ಹೌದ್ರಿ, ಸುಧಾರ್ಸಾಕ! ಯಾವ ಹುತ್ತದಾಗ ಯಾವ ಹಾವೋ. ಆ ತಪ್ಪು ಹಿಡದು ಹಿರೇರ ಮುಂದ ತೋರ್ಸಾವ್ರು ನೀವು, ಅಲ್ಲೇನು?

ಯಾಕಂದ್ರ ದಾನು ತಪ್ಪು ಬರೀತಾಳ. ದಿನಾ ಬರೀತಾಳ. ನಾ ಒಬ್ಬಾಕಿನ ಇದ್ದಾಗ ಪಾಟಿ ಮ್ಯಾಲೆ ಮುತ್ತಿನಂಗ ಬರದ ಶಬ್ದನ ಗೇಮಿನ್ಯಾಗ ಕೆಡಸ್ತಾಳ. ಬೇಕಂತ ತಪ್ಪು ಕಲಸೂ ಯುಕ್ತಿ ಏನರ ಮಾಡಿರೇನೋ ಅಂತ ನಿಮ್ಮನ್ನ ಬೈಕೋತ, ಆಕಿ ಕಿವ್ಯಾಗಿನ ಇಯರ್‌ಫೋನ್ ಒಂದು ಕಸಗೊಂಡು ನನ್ನ ಕಿವಿಗಿ ಹಾಕ್ಕೊಂಡೆ.

ಆಕಿ ತಪ್ಪು ಬರದ್ಲು. ಎತ್ತು ಕುಂತ್ವು. ಚಕ್ಕಡಿ ಹೊಡ್ಯಾಂವ ಮಾತಾಡಿದ, ಅವಸರಿಲ್ಲವ್ವಾ, ಎತ್ತಿಗೂ ದಣಿವಾಗೈತಿ, ನಾ ಇಲ್ಲೆ ಕುಂತಿರ್ತೇನಿ ಅಂತ. ಅದು ನಿಮ್ಮ ದನಿ. ಸರಿ ಬರದ್ರ ಚಕ್ಕಡಿ ಸುಮ್ನ ಹೊಂಟಬಿಡ್ತೈತಿ, ನೀವು ಮಾತಾಡೂದಿಲ್ಲ. ಅದಕ್ಕ ಆಕಿ ತಪ್ಪು ಬರೀತಾಳ.

ನಾ ಅಳಲಿಲ್ಲ. ಸಿಟ್ಟು ಬಂತು. ಇಲ್ಲೆ ಕುಂತಿರ್ತೇನಿ ಅಂತ ಕೂಸಿಗೆ ಸುಳ್ಳು ಹೇಳೀರಿ, ನೀವು ಕುಂತದ್ದು ಮುದ್ದೇಬಿಹಾಳದಾಗ. ಆ ತಪ್ಪುಗಳ್ನ ಹಿರೇರ ಮುಂದ ಇಡಾವ್ರಿದ್ರ ಇಡ್ರಿ, ಆದ್ರ ಅವು ಯಾಕ ಆದ್ವು ಅನ್ನೂದನ್ನೂ ಹೇಳ್ರಿ. ಇಲ್ಲಂದ್ರ ಐತವಾರ ಮುಂಜಾನಿ ಬಸ್ಸಿಗೆ ಬಂದು ಆಕಿ ಎದುರು ಕುಂಡ್ರಿ. ಆಕಿ ತಪ್ಪು ಬರೀತಾಳ, ಬೇಕಂತನ ಬರೀತಾಳ. ಆಗ ಚಕ್ಕಡಿಯಾಂವನ ಮಾತು ನಿಮ್ಮ ಬಾಯಾಗ ಬರ್ತೈತೋ ಇಲ್ಲೋ, ನಾ ಬಾಗಲಾಗ ನಿಂತು ಕೇಳ್ತೇನಿ. ನನಗಂತೂ ಇನ್ನೂ ನಂಬಿಗಿಲ್ಲ.

ಇಂತಿ,
ರಾಜೇಶ್ವರಿ

ತಾ.ಕ.: ಒಂದ ಶಬ್ದ ಮ್ಯಾಲಿಂದ ಮ್ಯಾಲೆ ತಪ್ಪು ಬರಕೋತ ಹೋದ್ರ ಕಡೀಕ ಇನ್ನೊಂದು ಮಾತು ಬರ್ತೈತಿ, ತಪ್ಪು ನಂದ ಇತ್ತವ್ವಾ, ನಿಂದಲ್ಲ ಅಂತ. ದಾನು ಅಲ್ಲೀತನಕ ಹೋಗಿಲ್ಲ, ಒಮ್ಮೆ ದನಿ ಕೇಳಿದ್ರ ಆಕಿಗೆ ಸಾಕು. ಆ ಮಾತು ಆಕಿಗೆ ಎದುರಾಎದುರು ಹೇಳ್ರಿ. ನನಗ ಹೆಂಗ ಗೊತ್ತಾತು ಅಂತ ಮಾತ್ರ ಕೇಳಬ್ಯಾಡ್ರಿ.