ಹಿತ್ತಲ ಬಾಗಿಲಿಂದ ಶಾಲೆಗೆ

ಯಗಟಿ,
ಧಾತು ಸಂವತ್ಸರದ ಮಾಘ ಬಹುಳ ತದಿಗೆ, ಭಾನುವಾರ
(ಇಸವಿ ೧೯೩೭)

ಪ್ರೀತಿಯ ತಮ್ಮ ಈರಭದ್ರನಿಗೆ, ಎತ್ತಿ ಆಡಿಸಿದ ಅಕ್ಕ ಅಂಜಿನಮ್ಮ ತಲೆ ಸವರಿ ಹರಸಿ ಬರೆಯುವುದೇನೆಂದರೆ,

ನಿನ್ನ ಮೈ ಹೇಗಿದೆ? ಅಜ್ಜಂಪುರದ ಸಂತೆಯಲ್ಲಿ ಬಿಸಿಲಿನಲ್ಲಿ ನಿಂತು ಭಾಷಣ ಮಾಡಿ ಗಂಟಲು ಕಟ್ಟಿಕೊಂಡೆಯಂತೆ. ಕಾಯಿ ವ್ಯಾಪಾರದ ಈರಪ್ಪ ಬಂದು ಹೇಳಿದ. ಮೆಣಸು, ಒಣಶುಂಠಿ ಕುಟ್ಟಿ ಬೆಲ್ಲ ಹಾಕಿ ಕುದಿಸಿ ಕುಡಿ. ತಣ್ಣೀರು ಮುಟ್ಟಬೇಡ. ತರೀಕೆರೆ ಕಡೆ ಹೋದಾಗ ಅಲ್ಲಿಯ ಚಳಿಗೆ ಕಂಬಳಿ ಹೊದ್ದುಕೋ, ಮರ್ಯಾದೆ ಹೋಗುತ್ತದೆಂದು ಬರೀ ಖಾದಿ ಶಲ್ಯದಲ್ಲಿ ನಡುಗುತ್ತಾ ನಿಲ್ಲಬೇಡ. ನಿನ್ನ ಹೆಂಡತಿ ಮೀನಾಕ್ಷಿ ಈಗ ಆರು ತಿಂಗಳ ಬಸುರಿಯಲ್ಲವೇ? ನಿನ್ನ ಜಗಲಿಯ ಮೇಲೆ ದಿನಾ ಇಪ್ಪತ್ತು ಜನ ಕೂತಿರುತ್ತಾರೆ, ಅಷ್ಟೂ ಜನಕ್ಕೆ ಆ ಹುಡುಗಿಯೊಬ್ಬಳೇ ರೊಟ್ಟಿ ತಟ್ಟಬೇಕು. ಅವಳ ಮೇಲೂ ಒಂದು ಕಣ್ಣಿರಲಿ. ಇಲ್ಲಿ ನಮಗೇನೂ ಬಂದಿಲ್ಲ, ದೇವರು ಇಟ್ಟ ಹಾಗಿದ್ದೇವೆ.

ನಿನ್ನ ಕಾಗದ ಶುಕ್ರವಾರ ತಲುಪಿತು. ಜೊತೆಗಿದ್ದ ಅಚ್ಚಿನ ಹಾಳೆಯನ್ನೂ ಓದಿದೆ. ಎಡಗಡೆ ನಿಮ್ಮ ಟೋಪಿ ಪಕ್ಷದವರು ವಿದ್ಯೆಗಾಗಿ ಏನೇನು ಮಾಡುತ್ತೀರಿ ಎಂದು, ಬಲಗಡೆ ನಿನ್ನೆದುರು ಎಲೆಕ್ಷನ್ನಿಗೆ ನಿಂತಿರುವ ಸೋಮಶೇಖರಪ್ಪನವರ ಪೇಟದ ಪಕ್ಷ ಏನೇನು ಮಾಡುವುದಿಲ್ಲ ಎಂದು. ಚೆನ್ನಾಗಿ ಹೊಂದಿಸಿ ಬರೆದಿದ್ದೀರಿ. ನೀವು ಗೆದ್ದರೆ ಗಂಡು ಹೆಣ್ಣೆನ್ನದೆ ಎಲ್ಲ ಮಕ್ಕಳಿಗೂ ನಾಲ್ಕನೇ ಕ್ಲಾಸಿನವರೆಗೆ ಕಡ್ಡಾಯ. ಹೋಬಳಿಗೊಂದು ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲು. ಹೊಲಗೇರಿಯ ಮಕ್ಕಳಿಗೂ ಒಂದೇ ಸೂರು, ಒಂದೇ ಚಾಪೆ. ಕೆಮ್ಮಣ್ಣುಗುಂಡಿಯಲ್ಲಿ ಅದಿರು ಅಗೆಯುವ ಕೂಲಿಯವರ ಮಕ್ಕಳಿಗೂ ಒಬ್ಬ ಮೇಷ್ಟ್ರು. ಪೇಟದವರು ಗೆದ್ದರೆ ಇದ್ಯಾವುದೂ ಇಲ್ಲ, ಕಂದಾಯದ ಮೇಲೆ ವಿದ್ಯಾ ಸೆಸ್ ಕೂಡ ಇಲ್ಲ. ಕೊನೆಯಲ್ಲಿ ನಿನ್ನ ಕೈಯಿಂದಲೇ ಬರೆದಿದ್ದೀಯೆ: ‘ಅಕ್ಕಾ, ನಿನ್ನ ಹೆಸರಿನಲ್ಲಿ ಖಾತೆ ಇರುವುದರಿಂದ ನಿನಗೆ ವೋಟಿದೆ. ಎರಡೂ ಪಕ್ಷ ಹೋಲಿಸಿ ನೋಡಿ, ನಿನ್ನ ಅಂತಃಕರಣ ಹೇಳಿದಂತೆ ಹಾಕು. ಪಕ್ಕದ ಮನೆ ಪಾಪಮ್ಮತ್ತೆಗೂ ವೋಟಿದೆ, ಅವಳನ್ನೂ ಒಪ್ಪಿಸು.’ ನನ್ನ ಅಂತಃಕರಣದ ಮೇಲೆ ನಿನಗೆ ಅಷ್ಟು ನಂಬಿಕೆ ಇರುವುದು ಸಂತೋಷ. ಹೋಲಿಸಿ ನೋಡು ಎಂದೆಯಲ್ಲ, ಹೋಲಿಸಿದ್ದೇನೆ. ಕೇಳು.

ಮೊದಲು ನಿನ್ನದು. ನಮ್ಮೂರಿಗೆ ಬಂದು ವಿದ್ಯೆಯ ಮೇಲೆ ಭಾಷಣ ಮಾಡಿದೆಯಲ್ಲ, ಅವತ್ತು ಶಾಲೆಗೆ ರಜಾ ಕೊಟ್ಟಿದ್ದರು. ಇರುವುದೊಂದು ದೇವಸ್ಥಾನದ ಹಜಾರ, ಅಲ್ಲಿ ಸಭೆ ಸೇರಿದರೆ ಮಕ್ಕಳು ಎಲ್ಲಿ ಕೂರಬೇಕು? ಬೆನಕಪ್ಪ ಮೇಷ್ಟ್ರು ಮಕ್ಕಳ ಕೈಲಿ ಮಾವಿನ ತೋರಣ ಕಟ್ಟಿಸಿ, ನೀರು ಹೊರಿಸಿ, ಬಂದವರ ಚಪ್ಪಲಿ ಕಾಯಲು ಕೂರಿಸಿದ್ದರು. ನಾಲ್ಕು ದಿನಕ್ಕೆ ಪೇಟದವರೂ ಬಂದರು, ಆಗಲೂ ರಜಾ. ಇದೊಂದರಲ್ಲಿ ಎರಡು ಪಕ್ಷಕ್ಕೂ ಭೇದ ಕಾಣಲಿಲ್ಲ. ಆದರೆ ನೀನು ಮಾತಾಡಿದ್ದು ಮಾತ್ರ ಬಹಳ ಚೆನ್ನಾಗಿತ್ತು ಕಣೋ. ಹೆಂಗಸರೆಲ್ಲ ಕಂಬದ ಹಿಂದೆ ನಿಂತು ಕೇಳಿದೆವು. ‘ಒಂದು ಹೆಣ್ಣು ಓದಿದರೆ ಒಂದು ಮನೆಯೇ ಓದಿದಂತೆ’ ಎಂದಾಗ ಪಾಪಮ್ಮತ್ತೆ ನನ್ನನ್ನು ತಿವಿದು, ‘ನಿನ್ ತಮ್ಮ ಅಲ್ವೇನೇ, ಎಷ್ಟ್ ಚಂದ ಮಾತಾಡ್ತಾನೆ’ ಎಂದಳು. ನಾನು ಹೂಂ ಅಂದೆ. ಅವತ್ತು ನನ್ನ ಮಗಳು ಸುಲೋಚನ ಮನೆಯೊಳಗೆ ಕೋಣೆಯಲ್ಲಿ ಕೂತಿದ್ದಳು. ‘ಮಾವ ಬಂದಿದ್ದಾನೆ, ಬಾರೇ’ ಎಂದು ಕರೆದರೂ ಬರಲಿಲ್ಲ.

ನನಗೆ ಓದು ಬಂದದ್ದು ಹೇಗೆ ಎಂಬುದು ನಿನಗೆ ಗೊತ್ತಿಲ್ಲ, ನೀನಾಗ ಕೂಸು. ನಮ್ಮಪ್ಪ ಕೆಂಚಪ್ಪ ನಿನ್ನನ್ನು ಕೂಲಿಮಠಕ್ಕೆ ಸೇರಿಸಿದಾಗ ನೀನು ಹೊಸಿಲು ದಾಟಿದ ಕೂಡಲೆ ಕಿರುಚಿಕೊಂಡು ಅಳುತ್ತಿದ್ದೆ. ನಿನ್ನನ್ನು ಸೊಂಟದ ಮೇಲೆ ಹೊತ್ತು ತಂದು, ನೀನು ಅಳದ ಹಾಗೆ ಪಕ್ಕದಲ್ಲೇ ಕೂತಿರಬೇಕೆಂದು ಅಯ್ಯನವರು ನನಗೂ ಜಾಗ ಕೊಟ್ಟರು. ನೀನು ಮರಳ ಮೇಲೆ ಅಕ್ಷರ ತೀಡಿದೆ, ನಾನು ನೋಡಿಕೊಂಡು ನನ್ನ ತೊಡೆಯ ಮೇಲೆ ಬೆರಳಲ್ಲಿ ತೀಡಿದೆ. ನಿನ್ನ ಅಳು ನಿಂತ ದಿನ ನನ್ನ ಓದೂ ನಿಂತಿತು. ‘ಇನ್ನು ನೀ ಯಾಕಮ್ಮ, ಮನೇಲಿ ಕೆಲಸ ಇಲ್ವಾ’ ಎಂದರು ಅಯ್ಯನವರು. ಇನ್ನೊಂದು ವರ್ಷ ಅತ್ತಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತೋ ಮಾರಾಯ, ನನಗೆ ಒತ್ತಕ್ಷರವಾದರೂ ಸರಿಯಾಗಿ ಬರುತ್ತಿತ್ತು. ತಪ್ಪಿದ್ದರೆ ತಿದ್ದಿಕೊಂಡು ಓದಿಕೋ.

ಅದಕ್ಕೇ, ನಿಮ್ಮ ಭಾವ ಕರಿಸಿದ್ದಪ್ಪ ತೀರಿಕೊಂಡಾಗ ನಾನು ನಿನ್ನಿಂದ ಬೇರೇನೂ ಕೇಳಲಿಲ್ಲ. ತೆಂಗಿನ ತೋಟ ನಾನು ನೋಡಿಕೊಂಡೆ, ಹೊಲ ನಾನು ಉಳಿಸಿದೆ, ದಾಯಾದಿಗಳ ಬಾಯಿಗೆ ನಾನೇ ಬಾಯಿ ಕೊಟ್ಟೆ. ಕೇಳಿದ್ದು ಒಂದೇ. ಸುಲೋಚನ ಇಲ್ಲಿ ನಾಲ್ಕನೇ ಕ್ಲಾಸು ಮುಗಿಸಿದರೆ ಕಡೂರಿನಲ್ಲಿ ನಿನ್ನ ಮನೆಯಲ್ಲಿಟ್ಟುಕೊಂಡು ಮಿಡ್ಲ್ ಸ್ಕೂಲಿಗೆ ಕಳಿಸು ಅಂತ. ನೀನು ದೇವರ ಮನೆಯ ಮುಂದೆ ನಿಂತು, ‘ಅಕ್ಕಾ, ಅವಳು ನನ್ನ ಮಗಳಿದ್ದಂಗೆ’ ಎಂದೆ. ಮುಂಗಾರಿನಲ್ಲಿ ಅವಳನ್ನು ಕರೆದುಕೊಂಡೂ ಹೋದೆ. ಸುಳ್ಳು ಹೇಳಬಾರದು, ಆಯುಧಪೂಜೆಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ನಿನಗೆ ಟಿಕೀಟು ಸಿಕ್ಕಿತು ನೋಡು, ಅಲ್ಲಿಂದ ಶುರುವಾಯಿತು. ಕುಲದ ಯಜಮಾನರು ನಿನ್ನ ಜಗಲಿಗೆ ಬಂದು ಕೂರತೊಡಗಿದರು. ಪುಸ್ತಕ ಎತ್ತಿಕೊಂಡು ಎದುರಿಗೇ ಹಾದುಹೋಗುವ ಹುಡುಗಿಯನ್ನು ಕಂಡು, ‘ಇಷ್ಟುದ್ದ ಹುಡ್ಗೀನ ಬೀದೀಲಿ ಕಳುಸ್ತೀಯಲ್ಲೋ ಈರಭದ್ರಪ್ಪ’ ಎಂದರಂತೆ. ಅವತ್ತೇ ಅವರಿಗೆ ನಿನ್ನ ಭಾಷಣ ಹೇಳಬೇಕಿತ್ತು. ನೀನು ಒಳಗೆ ಬಂದು ನನ್ನ ಮಗಳಿಗೆ ಹೇಳಿದೆ: ‘ನಾಳೆಯಿಂದ ಹಿತ್ತಲ ಬಾಗಿಲಿಂದ ಹೋಗು ಪುಟ್ಟಾ. ಹಿತ್ತಲ ಬಾಗಿಲಿಂದಲೇ ಬಾ.’

ಹೋದಳು. ಬಚ್ಚಲ ನೀರು ಹರಿಯುವ ಓಣಿಯಲ್ಲಿ ಲಂಗ ಎತ್ತಿ ಹಿಡಿದು ಶಾಲೆಗೆ ಹೋದಳು. ಅದನ್ನೂ ನನಗೆ ಹೇಳಿರಲಿಲ್ಲ, ಈಗ ಬಿಡಿಸಿ ಬಿಡಿಸಿ ಕೇಳಿದ ಮೇಲೆ ಹೇಳಿದ್ದು. ಸಂಕ್ರಾಂತಿಯ ಹೊತ್ತಿಗೆ ಹಿತ್ತಲ ಬಾಗಿಲೂ ನಿನಗೆ ಭಯವಾಯಿತು. ಖಾಲಿ ಹಿಂತಿರುಗುವ ಕಾಯಿ ಗಾಡಿಯಲ್ಲಿ ಕೂರಿಸಿ ಕಳಿಸಿಬಿಟ್ಟೆ. ಪೆಟ್ಟಿಗೆ ಕೂಡ ಕೊಡಲಿಲ್ಲ, ‘ಎಲೆಕ್ಷನ್ ಮುಗಿದ ಮೇಲೆ ಬರ್ತಾಳಲ್ಲ, ಇಲ್ಲೇ ಇರಲಿ’ ಎಂದೆಯಂತೆ. ಗಾಡಿಯಿಂದ ಇಳಿದವಳು ನನ್ನ ಮುಖ ನೋಡದೆ, ‘ಅವ್ವಾ, ನಾನೇನೂ ತಪ್ಪು ಮಾಡಿಲ್ಲ’ ಎಂದಳು. ಹನ್ನೊಂದು ವರ್ಷದ ಮಗು ಕಣೋ. ಅವತ್ತು ನಿನ್ನ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವ ಹಾಗೂ ಕಾಣುವುದಿಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ನಮ್ಮವ್ವ ಯಾರನ್ನೋ ಬೈಯುತ್ತಿದ್ದಳು. ಆ ಮಾತು ನಮ್ಮ ಮನೆಗೇ ಬರುತ್ತದೆಂದು ನಾನು ಎಣಿಸಿರಲಿಲ್ಲ.

ಎಲೆಕ್ಷನ್ ಮುಗಿಯಲಿ ಎಂದು ಬರೆಯುತ್ತೀಯೆ. ಪರೀಕ್ಷೆ ನಿನ್ನ ಎಲೆಕ್ಷನ್ನಿಗೆ ಕಾಯುತ್ತದೆಯೇ? ಶಾಲೆ ಬಿಟ್ಟ ಹುಡುಗಿ ಎಂದರೆ ಮದುವೆಗೆ ಬಂದ ಹುಡುಗಿ ಎಂದೇ ಈ ಊರಿನ ಲೆಕ್ಕ. ನನ್ನ ಮೈದುನ ಈಗಾಗಲೇ ಬೀರೂರಿನ ಕಡೆಯ ಒಂದು ಸಂಬಂಧ ಹಿಡಿದು ತಂದಿದ್ದಾನೆ. ವರನಿಗೆ ಮೀಸೆ ಬಲಿತು ಎಷ್ಟೋ ವರ್ಷವಾಗಿದೆ. ಯುಗಾದಿ ಕಳೆದ ಮೇಲೆ ವೀಳ್ಯ ಬದಲಾಯಿಸಿಬಿಡೋಣ ಎನ್ನುತ್ತಾನೆ. ಅವಳು ಓದಬೇಕು ಎಂದರೆ ನನ್ನ ಬಾಯಿ ಮುಚ್ಚಿಸಲು ಅವನಿಗೆ ಒಂದೇ ಮಾತು ಸಾಕು: ‘ಅಷ್ಟೊಂದ್ ಭಾಷಣ ಬಿಗಿಯೋ ಸೋದರಮಾವನೇ ಬ್ಯಾಡ ಅಂತ ವಾಪಸ್ ಕಳ್ಸವನೆ. ನಿಂದೇನಮ್ಮ ಅತಿ?’ ಇದಕ್ಕೆ ಏನು ಉತ್ತರ ಕೊಡಲಿ, ನಿನ್ನ ಅಚ್ಚಿನ ಹಾಳೆಯಲ್ಲಿ ಹುಡುಕಿದೆ, ಸಿಗಲಿಲ್ಲ.

ಇನ್ನು ಬಲಗಡೆಯವರದು. ಹೋದ ಸೋಮವಾರ ಪಂಚನಹಳ್ಳಿಯ ಸೋಮಶೇಖರಪ್ಪನವರು ವೋಟು ಕೇಳಿಕೊಂಡು ಮನೆಗೇ ಬಂದಿದ್ದರು. ಪೇಟ ತೆಗೆದು ಪಕ್ಕಕ್ಕಿಟ್ಟು, ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದರು. ಎದುರಾಳಿಯ ಅಕ್ಕ ಎಂದು ಗೊತ್ತಿದ್ದೂ ಬಂದರು, ಅದಕ್ಕೆ ಎದೆ ಬೇಕು. ಮುಚ್ಚುಮರೆ ಇಲ್ಲದೆ ಹೇಳಿದರು: ‘ನೋಡಮ್ಮ, ಹೆಣ್ಣಿಗೆ ನಾಕ್ನೇ ಕ್ಲಾಸ್ ಸಾಕು. ಕಾಗದ ಓದಕ್ ಬಂದ್ರಾಯ್ತು. ನಿಮ್ಮ ತಮ್ಮ ಸೆಸ್ ಹಾಕಿ ಸ್ಕೂಲ್ ಕಟ್ಟುಸ್ತೀನಿ ಅಂತಾನಲ್ಲ, ಆ ದುಡ್ಡಲ್ಲಿ ಎರಡು ಕೆರೆ ಹೂಳೆತ್ತಬೋದು.’ ನನಗೆ ಮೈ ಉರಿಯಿತು. ನಿಮ್ಮ ದೊಡ್ಡ ಮಗಳು ಮೈಸೂರಿನಲ್ಲಿದ್ದುಕೊಂಡು ಓದುತ್ತಿದ್ದಾಳಲ್ಲ ಎಂದು ಕೇಳಿಯೇಬಿಟ್ಟೆ. ಅವರು ಕಡೂರಿನಲ್ಲಿ ನಿನ್ನ ಬೀದಿಯ ಕೊನೆಯಲ್ಲೇ ಮನೆ ಮಾಡಿ, ಹೆಂಡತಿಯನ್ನಿಟ್ಟು, ಕಿರಿಯವಳನ್ನೂ ಮಿಡ್ಲ್ ಸ್ಕೂಲಿಗೆ ಕಳಿಸುತ್ತಿರುವುದು ನಿನಗೂ ಗೊತ್ತು. ಆ ಮನುಷ್ಯ ನಾಚಿಕೊಳ್ಳಲಿಲ್ಲ. ನಕ್ಕು, ‘ಅದು ಮನೆ ಮಾತು ಕಣಮ್ಮ, ಇದು ಪಕ್ಷದ ಮಾತು. ನನ್ ಮಕ್ಳು ಓದ್ತೀನಿ ಅಂದ್ರು, ನಾ ಯಾಕ್ ಬ್ಯಾಡ ಅನ್ಲಿ?’ ಎಂದರು. ಅವರನ್ನೂ ಕುಲದವರು ಕೇಳಿರಬೇಕಲ್ಲ. ಕೇಳಿದರೆ ಕೇಳಲಿ ಎಂದು ಮುಂಬಾಗಿಲಿಂದಲೇ ಕಳಿಸುತ್ತಾರೆ.

ಆಯಿತಲ್ಲ ಹೋಲಿಕೆ. ಹೆಣ್ಣುಮಕ್ಕಳೆಲ್ಲ ಓದಲಿ ಎನ್ನುವ ನೀನು ನಿನ್ನ ಮನೆಯ ಹುಡುಗಿಯನ್ನು ಬಿಡಿಸಿದೆ. ಓದುವುದು ಬೇಡ ಎನ್ನುವವರು ತಮ್ಮ ಮನೆಯ ಹುಡುಗಿಯರನ್ನು ಓದಿಸುತ್ತಿದ್ದಾರೆ. ಇಬ್ಬರಲ್ಲಿ ಯಾರು ಹೆಚ್ಚು ಸುಳ್ಳರು ಎಂದು ತೂಗುವ ತಕ್ಕಡಿ ನನ್ನ ಹತ್ತಿರ ಇಲ್ಲ. ನಿಮ್ಮ ಪಕ್ಷ ಹೇಳುವುದೇ ಸರಿ ಎಂಬುದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಹೊಲಗೇರಿಯಿಂದ ತೋಟದ ಕೆಲಸಕ್ಕೆ ಬರುವ ದ್ಯಾಮಮ್ಮ ಮೊನ್ನೆ ಕಾಯಿ ಆಯುತ್ತಾ ಕೇಳಿದಳು: ‘ಅವ್ವಾ, ಟೋಪಿಯೋರು ಗೆದ್ರೆ ನಮ್ ಯಲ್ಲೀನೂ ಒಳಕ್ ಕೂರುಸ್ತಾರಂತೆ, ದಿಟವಾ?’ ಅವಳ ಮಗಳು ಯಲ್ಲಿ ಈಗ ಹಜಾರದ ಹೊರಗೆ, ಬೇವಿನ ಮರದ ಬುಡದಲ್ಲಿ ಕೂತು ಕಿವಿಯಲ್ಲಿ ಬಿದ್ದಷ್ಟು ಕಲಿಯುತ್ತಾಳೆ. ಅವಳನ್ನು ನೋಡಿದಾಗಲೆಲ್ಲ ತೊಡೆಯ ಮೇಲೆ ಅಕ್ಷರ ತೀಡಿದ್ದು ನೆನಪಾಗುತ್ತದೆ. ದಿಟ ಕಣೇ ಎಂದೆ. ದ್ಯಾಮಮ್ಮನಿಗೆ ವೋಟಿಲ್ಲ, ಅವಳ ಪಾಲಿನದನ್ನೂ ನಾನೇ ಹಾಕುತ್ತೇನೆಂದು ನಂಬಿಕೊಂಡಿದ್ದಾಳೆ.

ಪಾಪಮ್ಮತ್ತೆಯನ್ನು ಒಪ್ಪಿಸು ಎಂದೆಯಲ್ಲ, ಒಪ್ಪಿಸಿದ್ದೇನೆ. ಅವಳ ವೋಟು ನಿನಗೇ ಬರುತ್ತದೆ. ನೀನು ಗೆಲ್ಲಬೇಕೆಂದು ಈರಭದ್ರಸ್ವಾಮಿಗೆ ಕಾಯಿಯನ್ನೂ ಒಡೆಸಿದೆ. ನಿನ್ನ ಭಾಷಣ ಸರಿಯಾಗಿದೆ ಈರಭದ್ರ, ನೀನು ಸರಿಯಿಲ್ಲ. ಗೆದ್ದ ಮೇಲಾದರೂ ಸರಿಯಾಗು.

ಮೀನಾಕ್ಷಿಗೆ ಒಣಕೊಬ್ಬರಿ, ಹುರಿಗಡಲೆ ಉಂಡೆ ಈರಪ್ಪನ ಕೈಲಿ ಕಳಿಸಿದ್ದೇನೆ, ಜಗಲಿಯವರಿಗೆ ಹಂಚಬೇಡ. ಹೊಟ್ಟೆ ತಣ್ಣಗಿರಲಿ, ಹೆಣ್ಣಾದರೂ ಗಂಡಾದರೂ ನೂರು ವರ್ಷ ಬಾಳಲಿ. ನಿನ್ನ ಗಂಟಲು ಬೇಗ ವಾಸಿಯಾಗಲಿ.

ಇಂತಿ ನಿನ್ನ ಒಡಹುಟ್ಟಿದವಳು,
ಅಂಜಿನಮ್ಮ

ಮರೆತ ಮಾತು: ಇವತ್ತೇ ಕಡೂರಿಗೆ ಹೊರಟ ಈರಪ್ಪ ಈ ಕಾಗದಕ್ಕಾಗಿ ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಸುಲೋಚನ ಇಲ್ಲಿಲ್ಲ. ನಿನ್ನೆ ಬೆಳಿಗ್ಗೆ ಸೋಮಶೇಖರಪ್ಪನವರ ಗಾಡಿಯಲ್ಲಿ ಕಡೂರಿಗೆ ಹೋದಳು. ಅವರ ಹೆಂಡತಿಯ ಹತ್ತಿರ ಇದ್ದುಕೊಂಡು, ಅವರ ಕಿರಿಯ ಮಗಳ ಜೊತೆ ನಾಳೆಯಿಂದ ಶಾಲೆಗೆ ಹೋಗುತ್ತಾಳೆ. ಪರೀಕ್ಷೆಗೆ ಕೂರಿಸುತ್ತೇವೆಂದು ಮಾತು ಕೊಟ್ಟಿದ್ದಾರೆ. ಬದಲಿಗೆ ನನ್ನ ವೋಟು ಕೇಳಿದರು. ಕೊಟ್ಟೆ, ದೇವರ ಮುಂದೆ ದೀಪ ಮುಟ್ಟಿ ಕೊಟ್ಟಿದ್ದೇನೆ, ಗುರುವಾರ ವೋಟು ಹಾಕುವಲ್ಲಿಗೆ ಬಂದು, ಬರೆದುಕೊಳ್ಳುವವರ ಮುಂದೆ ಅವರ ಹೆಸರನ್ನೇ ಹೇಳುತ್ತೇನೆ. ನನ್ನ ಮಗಳು ಓದಲೆಂದು, ಹೆಣ್ಣುಮಕ್ಕಳು ಓದಬಾರದು ಎನ್ನುವವರಿಗೆ ವೋಟು ಹಾಕುವಂತಾಯಿತು. ದ್ಯಾಮಮ್ಮನ ಮುಖ ನೋಡಲಾಗದೆ ಎರಡು ದಿನದಿಂದ ತೋಟಕ್ಕೆ ಹೋಗಿಲ್ಲ. ಸುಲೋಚನಳ ಪೆಟ್ಟಿಗೆ ನಿನ್ನ ಅಟ್ಟದ ಮೇಲಿದೆ, ಪುಸ್ತಕವೆಲ್ಲ ಅದರಲ್ಲೇ ಇದೆ. ನಾಳೆ ಬೆಳಿಗ್ಗೆ ನಿನ್ನ ಮನೆಯ ಮುಂದೆಯೇ ಹಾದುಹೋಗುತ್ತಾಳೆ, ಕೊಟ್ಟುಬಿಡು. ಜಗಲಿಯ ಮೇಲೆ ಜನವಿದ್ದರೆ ಹಿತ್ತಲಿಗೆ ಬರಲು ಹೇಳು. ಆ ದಾರಿ ಅವಳಿಗೆ ಗೊತ್ತಿದೆ.