ಎರಡನೆಯ ಅರ್ಜಿ

ಬಾದಾಮಿ, ಶನಿವಾರ, ಸಂಜೆ ಆರು ಗಂಟೆ

ಅತ್ತೆಯವರಿಗೆ ನಮಸ್ಕಾರ.

ಇಳಕಲ್ಲಿನಿಂದ ನಾವು ಏಳು ಹೆಂಗಸರೂ ಓಟದ ಸ್ಪರ್ಧೆಗೆಂದು ಮಧ್ಯಾಹ್ನ ಬಂದು ಮುಟ್ಟಿದೆವು. ಬಿಸಿಲು ಇಳಿದ ಮೇಲೆ ಶೀಲಾ ಟೀಚರು ಕೆರೆಯ ದಂಡೆಯಲ್ಲಿ ಸ್ವಲ್ಪ ಓಡಿಸಿದರು. ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದ ಒಬ್ಬ ಮುದುಕಿ ಕೈ ನಿಲ್ಲಿಸಿ, "ಯಾಕವ್ವಾ, ಯಾರು ಬೆನ್ನ ಹತ್ಯಾರ?" ಎಂದು ಕೂಗಿದಳು.

"ಯಾರೂ ಇಲ್ಲಬೇ ಆಯಿ, ಸುಮ್ಮನ ಓಡಾಕತ್ತೇವಿ" ಅಂದೆ.

"ಸುಮ್ಮನ ಓಡೂದಿದ್ರ ಈ ಹಸಿ ಅರಿವಿ ಹೊತ್ಕೊಂಡು ಓಡ್ರಿ, ನಮ್ಮನಿ ಮುಟ್ಟಸ್ರಿ!"

ಎಲ್ಲರ ಜೊತೆ ನಾನೂ ನಕ್ಕೆ. ನಿಮ್ಮ ಮಗ ತೀರಿಕೊಂಡ ಮೇಲೆ ಇಷ್ಟು ಜೋರಾಗಿ ನಕ್ಕಿರಲಿಲ್ಲ. ಬೇರೆಯವರು ಹೇಳುವ ಮೊದಲು ನಾನೇ ತಿಳಿಸುತ್ತಿದ್ದೇನೆ.

ಓಟದ ಅರ್ಜಿಯಲ್ಲಿ, ಏನಾದರೂ ಆದರೆ ಯಾರಿಗೆ ಸುದ್ದಿ ಮುಟ್ಟಿಸಬೇಕು ಎಂದು ಕೇಳಿದ್ದರು. ರೂಢಿಯಂತೆ ನಿಮ್ಮ ಮಗನ ಹೆಸರು ಬರೆದುಬಿಟ್ಟೆ. ಅದರ ಮೇಲೆ ಗೀಟು ಎಳೆಯಲು ಕೈ ಬರಲಿಲ್ಲ. ಟೀಚರು ಇನ್ನೊಂದು ಅರ್ಜಿ ತಂದುಕೊಟ್ಟರು. ಅದರಲ್ಲಿ ನಿಮ್ಮ ಹೆಸರು ಬರೆದೆ. ಹೊರಡುವಾಗ ನೀವು ಸಿಟ್ಟಿನಿಂದ ನನ್ನ ಜೊತೆ ಮಾತಾಡಿರಲಿಲ್ಲ, ಆದರೂ ಬೇರೆ ಹೆಸರು ಹೊಳೆಯಲಿಲ್ಲ.

ಆಮೇಲೆ ಚೀಲ ಬಿಚ್ಚಿದರೆ ತಳದಲ್ಲಿ ಅಂಟಿನ ಉಂಡಿಯ ಡಬ್ಬಿ ಇತ್ತು. ನಾನು ಇಟ್ಟದ್ದಲ್ಲ. ಒಂದು ತಿಂದೆ, ಉಳಿದದ್ದನ್ನು ಬೆಳಿಗ್ಗೆಗೆ ಇಟ್ಟಿದ್ದೇನೆ.

ಮೊಣಕಾಲು ನೋಯುತ್ತಿಲ್ಲ. ವರ್ಷವಿಡೀ ಹೊಸ್ತಿಲು ದಾಟದಿದ್ದ ನಾನು ಈಗ ಹತ್ತು ಕಿಲೋಮೀಟರು ನಿಲ್ಲದೆ ಓಡುತ್ತೇನೆ. ನಿಮ್ಮ ಬಿಪಿ ಗುಳಿಗೆ ಗೋಡೆಯ ಗೂಡಿನಲ್ಲಿದೆ, ಮರೆಯಬೇಡಿ. ಕಾರ್ಡು ತುಂಬಿತು. ನಾಳೆ ಬೆಳಿಗ್ಗೆ ಆರು ಗಂಟೆಗೆ ಓಟ ಶುರು.

ನಿಮ್ಮ ಸೊಸೆ,
ಮಹಾನಂದಾ