ನಂದು ಊಟ ಆಗಿಲ್ಲ

ಅಮ್ಮಾ, ನೀನು ತೀರಿಹೋಗಿ ವರ್ಷವಾಯ್ತು, ಇದನ್ನ ಓದಲ್ಲ ಅಂತ ಗೊತ್ತು. ಅದಕ್ಕೇ ಧೈರ್ಯವಾಗಿ ಬರೀತಿದ್ದೀನಿ.

ಇವತ್ತು ಮಧ್ಯಾಹ್ನ ನರ್ಸ್ ಆಂಟಿ ನನ್ನ ಕಾಲೇಜ್ ರೂಮಿಗೆ ಬಂದಿದ್ರು. ನೀನು ಮಿಷನರಿಯಾಗಿದ್ದಾಗ ಪರದೇಶದ ನಮ್ಮ ಮಿಷನ್ ಮನೆಯಲ್ಲಿ ತಿಂಗಳುಗಟ್ಟಲೆ ಉಳಿದಿದ್ದ ವಾಲಂಟಿಯರ್ ಆಂಟಿ. ಹೇಳದೆ ಬಂದ್ರು, ಹಸಿದುಕೊಂಡು ಬಂದ್ರು. ನನ್ನ ಹತ್ರ ಇದ್ದದ್ದು ಒಬ್ಬಳಿಗಾಗುವಷ್ಟು ಅನ್ನ, ಮೊಟ್ಟೆ ಸಾರು.

ಹಾಸ್ಟೆಲ್‌ನಿಂದ ರಜಕ್ಕೆ ಆ ಮನೆಗೆ ಬಂದಾಗಲೆಲ್ಲ ನಾನು ನೋಡ್ತಿದ್ದೆ. ವಾಲಂಟಿಯರ್‌ಗಳು ಜಾಸ್ತಿಯಾಗಿ ಅಡುಗೆ ಸಾಲದಿದ್ರೆ, ನೀನು "ನಮ್ಮದು ಆಗಲೇ ಊಟ ಆಯ್ತು" ಅಂತ ನಗ್ತಿದ್ದೆ. ನಾನು ಬಾಯಿ ತೆರೆದ್ರೆ ನೀನು ಮೇಜಿನ ಕೆಳಗೆ ನನ್ನ ಕಾಲು ತುಳೀತಿದ್ದೆ. ಸುಳ್ಳು ಹೇಳೋದು ಪಾಪ ಅಂತ ಊರಿಗೆಲ್ಲ ಬೋಧಿಸಿದವಳೂ ನೀನೇ.

"ನಿಂದಾಯ್ತಾ ಪುಟ್ಟಿ?" ಅಂದ್ರು ಆಂಟಿ.

"ಆಯ್ತು" ಅನ್ನೋ ನಿನ್ನ ಮಾತೇ ಬಾಯಿಗೆ ಬಂದಿತ್ತು. ಆದ್ರೂ ಹೇಳಿದೆ, "ಇಲ್ಲ ಆಂಟಿ, ನಂಗೂ ಹಸಿವು. ಶೇರ್ ಮಾಡೋಣ."

ಆಂಟಿ ನನ್ನನ್ನೇ ನೋಡಿದ್ರು. "ನಿಮ್ಮಮ್ಮಂದು ಮಾತ್ರ ಯಾವಾಗ್ಲೂ ಮೊದಲೇ ಆಗಿರ್ತಿತ್ತಲ್ಲೇ?"

"ಆಗಿರ್ತಿರಲಿಲ್ಲ. ನಂದೂ ಅಷ್ಟೇ."

ನಿನ್ನ ಗುಟ್ಟು ಬಿಟ್ಟುಕೊಟ್ಟೆ. ಸಾರಿ ಕೇಳಲ್ಲ.

ಆಂಟಿ ಮೊಟ್ಟೆ ಮುರಿದು ದೊಡ್ಡ ತುಂಡನ್ನ ನನ್ನ ತಟ್ಟೆಗೆ ಹಾಕಿದ್ರು. "ಹೇಳಿದ್ರೆ ನಾವೇನು ಎದ್ದು ಹೋಗ್ತಿದ್ವಾ ತಾಯಿ?" ಅಂತ ಗೊಣಗಿದ್ರು. ಅದು ನಿನಗೆ ಹೇಳಿದ ಮಾತು.

ನಾನು ಬೇಡ ಅನ್ನಲಿಲ್ಲ, ಪೂರ್ತಿ ತಿಂದೆ. ಇಬ್ಬರಿಗೂ ಅರೆಹೊಟ್ಟೆ, ಆದ್ರೆ ಸಂಜೆವರೆಗೂ ಮಾತಾಡ್ತಾ ಕೂತಿದ್ವಿ. ಇಷ್ಟೇ ಇತ್ತಮ್ಮ. ಒಂದ್ಸಲ, ಒಂದೇ ಸಲ ನೀನೂ ಹೇಳಿ ನೋಡಬಹುದಿತ್ತು.